ಹದಿನೇಳನೆಯ ಕಿಲೋಮೀಟರಿನ ಬೇವಿನ ಮರ

1974ರ ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ 5 ಗಂಟೆ 40 ನಿಮಿಷಕ್ಕೆ ಬಳ್ಳಾರಿಯ ಕಾಲೇಜೊಂದರ ಭೌತಶಾಸ್ತ್ರದ ಅಧ್ಯಾಪಕ ಕೊಟ್ರಬಸಪ್ಪನವರು ಸೈಕಲ್ಲಿನ ಎರಡೂ ಗಾಲಿಗೆ ಕಲ್ಲಿನಂತೆ ಗಾಳಿ ತುಂಬಿ, ಕೋಟೆ ಗುಡ್ಡದ ನೆತ್ತಿಗೆ ಬಿಸಿಲು ತಾಗುವ ಮೊದಲೇ ವಿಹಾರಕ್ಕೆ ಸಿದ್ಧರಾದರು. ವಿಹಾರ ಎಂಬ ಪದ ಅವರದು. ಹೆಂಡತಿ ಚನ್ನವೀರಮ್ಮನಿಗೆ ಅದು ಒಪ್ಪಿಗೆಯಾಗಿರಲಿಲ್ಲ.

"ಲಗ್ನ ಇಲ್ಲ, ಯಾರ ಮಣ್ಣೂ ಇಲ್ಲ, ಕೋರ್ಟ್ ಕೆಲಸ ಇಲ್ಲ. ಕುರುಗೋಡು ಸುತ್ತಿ ಸಿರುಗುಪ್ಪಿ ತನಕ ಸುಮ್ನ ಸೈಕಲ್ ತುಳೀತೀನಂತೀರಿ. ಕೇಳಿದವ್ರಿಗೆ ಏನಂತ ಹೇಳ್ಲಿ?"

"ನಿಸರ್ಗ ನೋಡಾಕ ಹೋಗ್ಯಾರ ಅಂತ ಹೇಳು."

"ಅದಕ್ಕ ಬಸ್ಸಿಗೆ ಕಿಟಕಿ ಇಟ್ಟಾರಲ್ರಿ," ಎನ್ನುತ್ತಾ ಆಕೆ ರೊಟ್ಟಿಯ ಗಂಟನ್ನು ಹ್ಯಾಂಡಲ್ಲಿಗೆ ಕಟ್ಟಿದರು.

ಆ ವರ್ಷ ಜಿಲ್ಲೆಯಲ್ಲೊಂದು ಪ್ರವಾಸಿ ಸಮಿತಿ ಹುಟ್ಟಿತ್ತು. ಅದರ ಅಧ್ಯಕ್ಷರಾದ ಜಿಲ್ಲಾಧಿಕಾರಿ ಸಾಹೇಬರು ಯಾವುದೋ ವಿದೇಶಿ ಪತ್ರಿಕೆಯಲ್ಲಿ, ಕೆಂಪು ಕೆನ್ನೆಯ ಗಂಡಹೆಂಡಿರು ನದಿಯ ದಂಡೆಯಲ್ಲಿ ಸೈಕಲ್ ತುಳಿಯುತ್ತಾ ರಜೆ ಕಳೆಯುವ ಚಿತ್ರ ನೋಡಿದ್ದರು. ನದಿ ನಮ್ಮಲ್ಲೂ ಇದೆ, ಸೈಕಲ್ಲೂ ಇದೆ; ಇಲ್ಲದ್ದು ಪುಸ್ತಿಕೆ ಒಂದೇ ಎಂದು ಅವರಿಗೆ ತೋರಿತು. ಹಾಗಾಗಿ 'ಬಳ್ಳಾರಿ ಸೀಮೆಯ ನಿಧಾನ ಸೈಕಲ್ ಹಾದಿಗಳು' ಎಂಬ ಪುಸ್ತಿಕೆ ಬರೆಯುವ ಭಾರ ಕೊಟ್ರಬಸಪ್ಪನವರ ಮೇಲೆ ಬಿತ್ತು. ಹೊದಿಕೆಯ ಮೇಲೆ 'ಅಳತೆ: ಕೊಟ್ರಬಸಪ್ಪ, ಎಂ.ಎಸ್ಸಿ.' ಎಂದು ಅಚ್ಚಾಗುವುದಿತ್ತು. ಹದಿನಾರು ವರ್ಷದ ನೌಕರಿಯಲ್ಲಿ ಅವರ ಹೆಸರು ಅಚ್ಚಾದದ್ದು ಒಂದೇ ಸಲ, ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಒಡೆದವರ ಪಟ್ಟಿಯಲ್ಲಿ.

ಅದೇ ಸಾಹೇಬರು ಅಕ್ಕಿ ಸಾಗಣೆಯ ಮೇಲೂ ಕಣ್ಣಿಡಬೇಕಾಗಿತ್ತು. ಸಿರುಗುಪ್ಪದ ಅಕ್ಕಿಯನ್ನು ಪರವಾನಗಿ ಇಲ್ಲದೆ ಬಳ್ಳಾರಿಗೆ ತರುವಂತಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಚೆಕ್‌ಪೋಸ್ಟ್ ಇತ್ತು. ಇದನ್ನು ಕೊಟ್ರಬಸಪ್ಪನವರು ಪತ್ರಿಕೆಯಲ್ಲಿ ಓದಿ ಬಲ್ಲರು. ಹಾಗಿದ್ದೂ ತಮ್ಮ ತಟ್ಟೆಗೆ ದಿನಾ ಸಿರುಗುಪ್ಪದ ಸಣ್ಣಕ್ಕಿ ಹೇಗೆ ಬಂದು ಬೀಳುತ್ತದೆ ಎಂದು ಯಾವತ್ತೂ ಯೋಚಿಸಿದವರಲ್ಲ. ಬೆಳಕು ಗಾಜಿನೊಳಗೆ ಎಷ್ಟು ಬಾಗುತ್ತದೆ ಎಂದು ಕೇಳಿದ್ದರೆ ನಾಲ್ಕು ದಶಾಂಶ ಸ್ಥಾನದವರೆಗೆ ಹೇಳುತ್ತಿದ್ದರು.

ಅವರ ಅಳತೆಯ ಕ್ರಮ ಸರಳವಾಗಿತ್ತು. ಮುಂದಿನ ಗಾಲಿಯ ಕಡ್ಡಿಗೊಂದು ತಗಡಿನ ತುಂಡು. ಗಾಲಿ ಒಂದು ಸುತ್ತು ತಿರುಗಿದರೆ ಅದು ಪ್ರಯೋಗಾಲಯದ ಹಳೆಯ ಎಣಿಕೆ ಯಂತ್ರವನ್ನು ಒಮ್ಮೆ ಟಿಕ್ ಎನಿಸುತ್ತಿತ್ತು. ಹಿಂದಿನ ವಾರ, ತಿಂಗಳಿಂದ ಗೋಡೆಗೆ ಒರಗಿದ್ದ ಸೈಕಲ್ಲನ್ನು ಹಾಗೆಯೇ ಕಾಲೇಜಿನ ಬಯಲಿಗೆ ಒಯ್ದು, ಗಾಲಿ ನೂರು ಸುತ್ತು ತಿರುಗುವಷ್ಟು ಓಡಿಸಿ, ಟೇಪು ಹಿಡಿದು ಲೆಕ್ಕ ಹಾಕಿದ್ದರು: ಸುತ್ತಿಗೆ 2.19 ಮೀಟರ್. ಸಮಿತಿಯ ಮುಂದೆ, "ಹದಿನೆಂಟು ಕಿಲೋಮೀಟರಿಗೆ ಐವತ್ತು ಮೀಟರಿಗಿಂತ ಹೆಚ್ಚಿನ ತಪ್ಪು ಬರದು" ಎಂದು ಮಾತನ್ನೂ ಕೊಟ್ಟಿದ್ದರು. ಗಣಿತದ ದೊಡ್ಡಬಸಪ್ಪನವರು ಅದನ್ನು ನಗುತ್ತಾ ಬರೆದಿಟ್ಟುಕೊಂಡಿದ್ದರು.

ಕುರುಗೋಡು ತಲುಪಿ, ಗುಂಡುಗಲ್ಲಿನ ಗುಡ್ಡಗಳಿಗೆ ಹತ್ತಕ್ಕೆ ಒಂಬತ್ತು ಅಂಕ ಕೊಟ್ಟರು. ದೊಡ್ಡ ಬಸವಣ್ಣನ ಗುಡಿಗೆ ಎಂಟು. ಸೈಕಲ್ ನಿಲ್ಲಿಸಲು ನೆರಳಿಲ್ಲವೆಂದು ಎರಡು ಕಡಿತ. ಆಮೇಲೆ ಕಾಲುವೆಯ ತೂಬಿನ ಬಳಿ ಯಂತ್ರವನ್ನು ಸೊನ್ನೆಗೆ ತಂದು, ಸಿರುಗುಪ್ಪದ ಕಡೆಗೆ ಏರಿಯ ಮೇಲೆ ಹೊರಟರು.

ಆ ಹಾದಿ ನಿಜಕ್ಕೂ ಚೆಲುವಾಗಿತ್ತು. ಎಡಕ್ಕೆ ತೆನೆ ಬಿಡುವ ಭತ್ತ, ಬಲಕ್ಕೆ ತುಂಬಿ ಹರಿಯುವ ಕಾಲುವೆ, ಅದರಾಚೆ ಕಪ್ಪು ಎರೆ ಹೊಲ. ಏರಿಳಿತವಿಲ್ಲ, ಲಾರಿಯಿಲ್ಲ, ಬಸ್ಸಿಲ್ಲ. ಆದರೆ ಎದುರಿನಿಂದ ಸೈಕಲ್ಲುಗಳು ಬರುತ್ತಿದ್ದುದು ದೂರದಿಂದಲೇ ಕಾಣುತ್ತಿತ್ತು. ಒಂದು ಬೇವಿನ ಮರದ ಹತ್ತಿರ ಬಂದು, ಅಲ್ಲಿನ ಕಿರಿದಾದ ಸೇತುವೆ ದಾಟಿ, ಬಳ್ಳಾರಿಯ ಕಡೆಗಿನ ಬಂಡಿ ದಾರಿ ಹಿಡಿದು ಅವು ಮರೆಯಾಗುತ್ತಿದ್ದವು. ಯಾರೂ ಮೇಲೆ ಕುಳಿತಿರಲಿಲ್ಲ. ಎಲ್ಲರೂ ಇಳಿದು ತಳ್ಳುತ್ತಿದ್ದರು.

ಮರದ ಕೆಳಗೆ ಯಂತ್ರ 8,036 ತೋರಿಸಿತು. 17.6 ಕಿಲೋಮೀಟರ್. ಅಲ್ಲೊಬ್ಬ ಹೆಂಗಸು ಸೈಕಲ್ಲನ್ನು ಕಾಂಡಕ್ಕೆ ಒರಗಿಸಿ ಕೂತಿದ್ದಳು. ಸೈಕಲ್ಲಿನ ನಡುಗಂಬಿಗೆ ಅಡ್ಡಲಾಗಿ ಒಂದು ಚೀಲ, ಹಿಂದೆ ಒಂದು ಚೀಲ. ಅವರನ್ನು ಕಂಡದ್ದೇ ಎದ್ದು, ಚೀಲಗಳನ್ನು ಮರೆಮಾಡಿ ನಿಂತಳು.

"ಸರ, ನೀವೇನ್ರಿ ಈ ದಾರಿಗೆ? ಎಲ್ಲಿಗೆ ಹೊಂಟೀರಿ?"

"ಎಲ್ಲಿಗೂ ಇಲ್ಲಮ್ಮ. ಸುಮ್ನ."

"ಸುಮ್ನ ಯಾರರ ಸೈಕಲ್ ತುಳೀತಾರನ್ರಿ?"

"ನೀನು ತುಳಿಯಂಗಿಲ್ಲೇನು?"

"ನನಗ ಹತ್ತಾಕ ಬರಂಗಿಲ್ರಿ. ಮೂರು ವರ್ಷ ಆತು ತಳ್ಳಾಕ ಹತ್ತಿ. ಒಮ್ಮೆನೂ ಕುಂತಿಲ್ಲ." ಅವರ ಕೈಯಲ್ಲಿ ದಂಡದ ರಸೀದಿ ಪುಸ್ತಕವಿಲ್ಲ, ಬರೀ ನೋಟ್‌ಬುಕ್ ಎಂದು ನೋಡಿ ಅವಳಿಗೆ ಉಸಿರು ಬಂತು. "ದಾರಿ ಬಾಳ ಚಲೋ ಐತ್ರಿ. ನೆಳ್ಳು ಐತಿ, ನೀರು ಐತಿ, ಯಾರ ಕಾಟನೂ ಇಲ್ಲ."

ಕೊಟ್ರಬಸಪ್ಪನವರಿಗೆ ಬಹಳ ಸಂತೋಷವಾಯಿತು. ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಾ ಮೂರು ಗಂಟೆ ಹೊತ್ತು ಎಣಿಸಿ, ಹೀಗೆ ಬರೆದರು: 'ಬೇವಿನ ಮರ, 17.6 ಕಿ.ಮೀ. ವಿಶ್ರಾಂತಿಗೆ ಅತ್ಯುತ್ತಮ. ಈ ಹಾದಿ ಸ್ಥಳೀಯರಿಗೆ ಈಗಾಗಲೇ ಪ್ರಿಯವಾಗಿದೆ. ಮೂರು ಗಂಟೆಗಳಲ್ಲಿ 23 ಸೈಕಲ್ಲುಗಳು ಸಿರುಗುಪ್ಪದ ಕಡೆಯಿಂದ ಬಂದು ಇಲ್ಲಿ ಸೇತುವೆ ದಾಟಿದವು. ನಿಸರ್ಗವನ್ನು ಸವಿಯುವ ಸಲುವಾಗಿ ಎಲ್ಲರೂ ಸೈಕಲ್ಲಿನಿಂದಿಳಿದು ನಿಧಾನವಾಗಿ ನಡೆಯುತ್ತಾರೆ. ಮಹಿಳೆಯರೂ ಇದ್ದಾರೆ. ಹಲವು ದಿನಗಳ ಪ್ರವಾಸವಿರಬೇಕು, ಸಾಮಾನು ಹೆಚ್ಚು.'

ಡಿಸೆಂಬರಿನಲ್ಲಿ ಪುಸ್ತಿಕೆ ಅಚ್ಚಾಯಿತು. ಅದನ್ನು ಕೊನೆಯವರೆಗೆ ಓದಿದವರು ಇಬ್ಬರೇ. ದೊಡ್ಡಬಸಪ್ಪನವರು ತಪ್ಪು ಹುಡುಕಲು ಓದಿದರು. ಸಾಹೇಬರು ಇಪ್ಪತ್ಮೂರು ಸೈಕಲ್ಲಿನ ಸಾಲಿಗೆ ಬಂದು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದರು. ವಾರದೊಳಗೆ ಆಜ್ಞೆ ಹೊರಟಿತು: ಕಾಲುವೆ ಏರಿಯ ಮೇಲೆ, ತೂಬಿನಿಂದ 17.6 ಕಿಲೋಮೀಟರಿಗೆ ಹೊಸ ಚೆಕ್‌ಪೋಸ್ಟ್.

ಕೊಟ್ರಬಸಪ್ಪನವರಿಗೆ ಇದು ತಿಳಿದದ್ದು ತಟ್ಟೆಯಿಂದ. ಒಂದು ಮಧ್ಯಾಹ್ನ ಅನ್ನ ದಪ್ಪಗಿತ್ತು, ವಾಸನೆಯಿತ್ತು, ಮೂರನೆಯ ತುತ್ತಿಗೆ ಹರಳು ಸಿಕ್ಕಿತು.

"ಉಚ್ಚಂಗೆಮ್ಮ ಬಂದಿಲ್ರಿ," ಎಂದರು ಚನ್ನವೀರಮ್ಮ. "ಪ್ರತಿ ಬುಧವಾರ ಹಿತ್ತಲ ಬಾಗಿಲಿಗೆ ಅಕ್ಕಿ ತರೂ ಹೆಣ್ಮಗಳು. ಮೂರು ವರ್ಷದಾಗ ಒಮ್ಮೆನೂ ನೋಡಿಲ್ಲ ನೀವು. ಕಾಲುವಿ ಮ್ಯಾಲ ಹೊಸ ಕಾವಲು ಕುಂದ್ರಿಸ್ಯಾರಂತ. ಯಾರೋ ಬುದ್ಧಿವಂತರು ದಾರಿ ಅಳದು ಪುಸ್ತಕದಾಗ ಬರದಾರಂತ."

ಬಾಯಲ್ಲಿದ್ದ ಹರಳನ್ನು ಕೊಟ್ರಬಸಪ್ಪನವರು ಉಗುಳಲಿಲ್ಲ, ನುಂಗಿದರು.

ಜನವರಿಯಲ್ಲಿ ಸಾಹೇಬರ ಕಾಗದ ಬಂತು. ಚೆಕ್‌ಪೋಸ್ಟ್ ಕೂತರೂ ಒಂದು ಸೈಕಲ್ಲೂ ಸಿಕ್ಕಿಲ್ಲ. ಜೀಪಿನ ಮೀಟರ್ ಪ್ರಕಾರ ಬೇವಿನ ಮರ ಇರುವುದು 17.9ಕ್ಕೆ. ಜೀಪು ತಪ್ಪೋ ತಾವು ತಪ್ಪೋ, ಅಳೆದು ಬರೆದುಕೊಡತಕ್ಕದ್ದು. ತಮ್ಮದು ತಪ್ಪಾದರೆ ಚೆಕ್‌ಪೋಸ್ಟನ್ನು ಮರದ ಕೆಳಗೆ ಸರಿಸಿ, ಪುಸ್ತಿಕೆಯನ್ನು ಬಣ್ಣದ ಚಿತ್ರಗಳೊಡನೆ ತಿದ್ದಿ ಅಚ್ಚು ಹಾಕಿಸಲಾಗುವುದು.

ದೊಡ್ಡಬಸಪ್ಪನವರಿಗೆ ಸುದ್ದಿ ಮುಟ್ಟಲು ಅರ್ಧ ದಿನವೂ ಬೇಕಾಗಲಿಲ್ಲ. "ಕೊಟ್ರಬಸಪ್ನೋರೆ, ಐವತ್ತು ಮೀಟರ್ ಅಂದಿದ್ರಿ. ಮುನ್ನೂರು ಆತಲ್ರಿ! ಭತ್ತದ ಗದ್ದಿ ನೋಡ್ಕೊಂತ ಎಣಿಸೋದು ಮರ್ತಿರೇನು?"

ಆ ರಾತ್ರಿ ಊಟ ಬಿಟ್ಟು ಯೋಚಿಸಬೇಕಾದ ಕಷ್ಟದ ಲೆಕ್ಕವೇನೂ ಅದಾಗಿರಲಿಲ್ಲ. ಬಯಲಿನಲ್ಲಿ ಅಳೆದಾಗ ಟೈರು ಸಡಿಲವಾಗಿತ್ತು. ಹೊರಟ ದಿನ ಗಾಳಿ ಬಿಗಿಯಾಗಿತ್ತು. ಬಿಗಿಯಾದ ಗಾಲಿ ಸುತ್ತಿಗೆ 2.23 ಮೀಟರ್ ಹೋಗುತ್ತದೆ. ಅದನ್ನು 8,036ರಿಂದ ಗುಣಿಸಿದರೆ ಜೀಪು ಸುಳ್ಳಾಡಿಲ್ಲ ಎಂದು ತಿಳಿಯುತ್ತದೆ. ಮೊದಲ ವರ್ಷದ ವಿದ್ಯಾರ್ಥಿ ಇಂಥ ತಪ್ಪು ಮಾಡಿದ್ದರೆ ಅವರು ಮೂರು ಅಂಕ ಕಡಿಯುತ್ತಿದ್ದರು. ಒಪ್ಪಿಕೊಂಡು ತಿದ್ದಿದರೆ ಹೆಸರು ಉಳಿಯುತ್ತದೆ, ಬಣ್ಣದಲ್ಲಿ ಅಚ್ಚಾಗುತ್ತದೆ. ಆದರೂ ಕಣ್ಣಾರೆ ನೋಡಿ ಬರೆಯೋಣವೆಂದು ಜನವರಿ 19ರ ಭಾನುವಾರ ಮತ್ತೆ ಏರಿಯ ಮೇಲೆ ಹೊರಟರು. ಈ ಸಲ ಟೈರು, ಟೇಪು, ಎಲ್ಲವನ್ನೂ ಎರಡೆರಡು ಬಾರಿ ನೋಡಿಕೊಂಡಿದ್ದರು.

17.6ರಲ್ಲಿ ಸುಣ್ಣದ ಗೆರೆ, ಒಂದು ಬಿದಿರಿನ ಗಳ, ಅದರ ಪಕ್ಕ ಕೊಡೆ ಹಿಡಿದ ಕಾವಲುಗಾರ. ಸುತ್ತ ಒಂದು ಜಾಲಿ ಗಿಡವೂ ಇರಲಿಲ್ಲ.

"ಪುಸ್ತಕ ಬರದವ್ರು ನೀವ ಏನ್ರಿ? ಹದಿನೇಳು ಪಾಯಿಂಟ್ ಆರಕ್ಕ ಬೇವಿನ ಮರ, ತಂಪು ನೆಳ್ಳು ಅಂತ ಬರದೀರಲ್ಲ, ಎಲ್ಲೈತ್ರಿ ನೆಳ್ಳು? ಇಪ್ಪತ್ತು ದಿನದಿಂದ ಸುಟ್ಟು ಕರಕಲಾಗೀನಿ!"

ಮುನ್ನೂರು ಮೀಟರ್ ಆಚೆ ಮರದ ಬಳಿ ಸೈಕಲ್ಲುಗಳು ಒಂದೊಂದಾಗಿ ಸೇತುವೆ ದಾಟುತ್ತಿದ್ದವು.

"ಅವ್ರನ್ನ ಯಾಕ ಹಿಡಿಯಂಗಿಲ್ಲ?"

"ನನ್ನ ಆರ್ಡರ್ ಇಲ್ಲಿಗೆ ಐತ್ರಿ. ಇಲ್ಲಿಗೆ ಬಂದ್ರ ಹಿಡೀತೀನಿ. ಅವ್ರು ಬರವಲ್ರು, ನಾ ಏನ್ ಮಾಡ್ಲಿ?" ಅವನ ಕೈಯಲ್ಲೊಂದು ಮಜ್ಜಿಗೆಯ ತಂಬಿಗೆ ಇತ್ತು. ಯಾರು ಕೊಟ್ಟರೆಂದು ಕೇಳುವ ಅಗತ್ಯ ಬೀಳಲಿಲ್ಲ. ಅದನ್ನು ಒಯ್ಯಲು ಮರದ ಕಡೆಯಿಂದ ಬರುತ್ತಿದ್ದವಳು ಅಕ್ಟೋಬರಿನಲ್ಲಿ ಅಲ್ಲಿ ಕಂಡ ಹೆಂಗಸೇ; ಕಾವಲುಗಾರ ಅವಳನ್ನು ಉಚ್ಚಂಗೆಮ್ಮ ಎಂದು ಕರೆದ. ಈ ಸಲ ಕೊಟ್ರಬಸಪ್ಪನವರು ಅವಳ ಮುಖವನ್ನು ನೋಡಿದರು. ಮರದವರೆಗೂ ಇಬ್ಬರೂ ಒಟ್ಟಿಗೆ ನಡೆದರು. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು.

"ಮೊದ್ಲು ಅಂಜಿ ಎರಡು ವಾರ ಯಾರೂ ಬರ್ಲಿಲ್ರಿ," ಎಂದಳು. "ಮನ್ಯಾಗ ಒಲಿ ಹತ್ತಿದ್ದು ದೇವರಿಗೇ ಗೊತ್ತು. ಆಮ್ಯಾಲ ನೋಡಿದ್ರ ಕಾವಲು ಮರದ ತಳಗ ಇಲ್ಲ, ಆಚಿ ಐತಿ. ಆ ದೇವ್ರೇ ಸರಿಸ್ಯಾನ ಅನಕೊಂಡ್ವಿ."

ದೇವರಲ್ಲ, ಟೈರಿನ ಗಾಳಿ ಎಂದು ಅವರ ನಾಲಿಗೆಯ ತುದಿಗೆ ಬಂದಿತ್ತು.

"ಈಗ ಮತ್ತ ಅಳಿಯಾಕ ಬಂದೀರಿ. ಏನಂತ ಬರೀತೀರಿ ಸರ?"

ಅವರು ಬಗ್ಗಿ ಯಂತ್ರವನ್ನು ನೋಡಿದರು. ಗುಣಿಸಿದರು. 17.9. ಜೀಪಿನದೂ ಅದೇ. ಇಷ್ಟು ಸೊಗಸಾಗಿ ಎರಡು ಅಳತೆಗಳು ಹೊಂದಿಕೊಂಡದ್ದನ್ನು ಅವರು ಪ್ರಯೋಗಾಲಯದಲ್ಲೂ ಕಂಡಿರಲಿಲ್ಲ. ಅವಳ ಸೈಕಲ್ಲಿನ ಸೀಟಿನ ಮೇಲೆ ಮೂರು ವರ್ಷದ ಧೂಳು ಹಾಗೆಯೇ ಕೂತಿತ್ತು.

"ಬುಧವಾರ ಮನಿಗೆ ಬಾರಮ್ಮ," ಎಂದಷ್ಟೇ ಹೇಳಿ ಸೈಕಲ್ ಹತ್ತಿದರು.

ಅವರ ವರದಿ ಸಾಹೇಬರಿಗೆ ತೃಪ್ತಿ ತಂದಿತು. ಪುಸ್ತಿಕೆ, ಆಜ್ಞೆ, ವರದಿ ಮೂರರಲ್ಲೂ ಒಂದೇ ಅಂಕಿ ಬಂದಮೇಲೆ, ಕಾಗದದ ಪ್ರಕಾರ ಚೆಕ್‌ಪೋಸ್ಟ್ ಮರದ ಕೆಳಗೇ ಇದ್ದಂತಾಯಿತು. ಸರಿಸುವ ಪ್ರಶ್ನೆಯೇ ಏಳಲಿಲ್ಲ. ಜೀಪಿನ ಮೀಟರನ್ನು ರಿಪೇರಿಗೆ ಕಳಿಸಿದರು. ತಪ್ಪೇ ಇಲ್ಲದ ಪುಸ್ತಿಕೆಯನ್ನು ತಿದ್ದಿ ಅಚ್ಚು ಹಾಕಿಸುವ ಕಾರಣವೂ ಇಲ್ಲವಾಗಿ, ಬಣ್ಣದ ಚಿತ್ರಗಳು ಅಲ್ಲಿಗೇ ನಿಂತವು.

ದೊಡ್ಡಬಸಪ್ಪನವರು ಮಾತ್ರ ಒಂದು ರಜೆಯಲ್ಲಿ ತಾವೇ ಹೋಗಿ ಅಳೆದು ಬಂದು, ಅಧ್ಯಾಪಕರ ಕೋಣೆಯಲ್ಲಿ ಎಲ್ಲರ ಎದುರು ಕೈ ಮುಗಿದರು. "ಜೀಪು ತಪ್ಪು, ಟೇಪು ತಪ್ಪು, ನಾನೂ ತಪ್ಪು. ಈ ಭೂಮಿ ಮ್ಯಾಲ ನಮ್ಮ ಕೊಟ್ರಬಸಪ್ನೋರು ಒಬ್ರೇ ಸರಿ ನೋಡ್ರಿ!" ಕೋಣೆ ನಕ್ಕಿತು. ಆಮೇಲೆ ಕಾಲೇಜಿನಲ್ಲಿ ಯಾವ ಅಳತೆ ಹೆಚ್ಚುಕಡಿಮೆಯಾದರೂ, ನಿವೃತ್ತಿಯವರೆಗೂ, ಅವರ ಹೆಸರು ಹಿಡಿದೇ ನಗುತ್ತಿದ್ದರು.

ಕೊಟ್ರಬಸಪ್ಪನವರು ಆ ದಿನ ಬುತ್ತಿ ಬಿಚ್ಚಿದರು. ಅನ್ನ ಸಣ್ಣಗೆ, ಬೆಳ್ಳಗೆ, ಉದುರುದುರಾಗಿತ್ತು. ವರದಿಯ ಪ್ರತಿ ಅವರ ಮೇಜಿನ ಖಾನೆಯಲ್ಲಿತ್ತು, ಚೊಕ್ಕ ಅಕ್ಷರದಲ್ಲಿ: 'ಎರಡನೆಯ ಸಲ ಎಚ್ಚರದಿಂದ ಅಳೆದಿದ್ದೇನೆ. ಕುರುಗೋಡಿನ ತೂಬಿನಿಂದ ಬೇವಿನ ಮರಕ್ಕೆ ಇರುವ ದೂರ 17.6 ಕಿಲೋಮೀಟರ್.'