ಕಂಪ್ಯೂಟರ್ ಹೇಳಿದ ಆಯ

೧೯೮೭ರಲ್ಲಿ ಹೊನ್ನಾಳಿಯ ಶಾಲೆಯೊಂದಕ್ಕೆ ಕಂಪ್ಯೂಟರ್ ಬಂದಾಗ, ಗಣಿತದ ಮೇಷ್ಟ್ರು ಜಯದೇವಪ್ಪನವರು ಅದರಿಂದ ಮೊದಲು ಮಾಡಿಸಿದ್ದು ತಾವು ಕಟ್ಟಲಿದ್ದ ಹೊಸ ಮನೆಯ ಆಯದ, ಅಂದರೆ ವಾಸ್ತುವಿನ ಶುಭಾಶುಭ ಅಳತೆಯ, ಲೆಕ್ಕವನ್ನು. ಒಳಗಿನ ಒಂಬತ್ತು ಮೊಳದ ಉದ್ದಕ್ಕೆ ಗೋಡೆಗಳ ದಪ್ಪ ಎರಡು ಮೊಳವನ್ನು ಕೂಡಿಸಿ, ಹೊರಗಿನ ಹತ್ತು ಮೊಳದ ಅಗಲದಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಉಳಿಯುವ ಶೇಷವೇ ಆಯ. ಯಂತ್ರವು ಐದು ಎಂದಿತು. ಐದೆಂದರೆ ವೃಷಭಾಯ, ಸಾಕ್ಷಾತ್ ಬಸವಣ್ಣನೇ ಹೊಸ್ತಿಲಲ್ಲಿ ಮಲಗಿದಂತೆ. ಗೋಡೆಗಳು ಎದ್ದವು.

ಗೃಹಪ್ರವೇಶಕ್ಕೆ ಮುಹೂರ್ತ ಕೇಳಿದಾಗ ಹಾಲಸ್ವಾಮಿ ಶಾಸ್ತ್ರಿಗಳು ಮನೆಯ ಅಳತೆ ವಿಚಾರಿಸಿ, ಬೆರಳೆಣಿಸಿ ನಕ್ಕರು.

“ಆರು ಉಳಿದೈತೆ. ಕತ್ತೆ ಆಯ ಕಣ್ರೀ ಮೇಷ್ಟ್ರೇ! ಗೋಡೆ ಕೆಡವ್ರಿ.”

ಮೇಷ್ಟ್ರು ಮಡದಿಯನ್ನೂ ಶಾಸ್ತ್ರಿಗಳನ್ನೂ ಯಂತ್ರದ ಮುಂದೆ ಕೂರಿಸಿ, ತಾವು ಅದಕ್ಕೆ ಬರೆದಿದ್ದ ಲೆಕ್ಕದ ಸಾಲನ್ನು ಓದಿ ಬೆವತರು.

“ಕೂಡೋದನ್ನ ಬ್ರಾಕೆಟ್‌ನಾಗೆ ಹಾಕಿಲ್ಲ. ಇದು ಮೊದ್ಲು ಗುಣಿಸಿ, ಆಮೇಲೆ ಕೂಡೈತೆ.”

ಬ್ರಾಕೆಟ್ ಹಾಕಿದೊಡನೆ ಪರದೆಯ ಮೇಲೆ ಆರು ಮೂಡಿತು.

“ನೋಡಿದ್ರಾ? ನಿಮ್ಮ ಯಂತ್ರಾನೂ ಕತ್ತೆ ಅಂತೈತೆ,” ಎಂದರು ಶಾಸ್ತ್ರಿಗಳು.

ಮಡದಿ ನಿರ್ಮಲಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. “ಹಾಕಿದ ಬ್ರಾಕೆಟ್ ತೆಗೆಯಾಕೆ ಒಂದು ಗಳಿಗೆ ಸಾಕಲ್ಲೇನ್ರೀ? ಕಟ್ಟಿದ ಗೋಡೆ ಯಾಕೆ ಕೆಡವ್ತೀರಿ? ತೆಗೀರಿ!”

ಮೇಷ್ಟ್ರು ತೆಗೆದರು. ಕತ್ತೆ ಹೋಗಿ ಬಸವಣ್ಣ ಮರಳಿದ. ಶಾಸ್ತ್ರಿಗಳು ಪರದೆಯತ್ತ ಕೈಮುಗಿದು, ಶಿವನಾಮ ಸ್ಮರಿಸಿ, ಸೋಮವಾರಕ್ಕೆ ಮುಹೂರ್ತವಿಟ್ಟರು.