ಬೇ ಎಂದರೆ ಬಿ ಅಲ್ಲ

ಅರಗಿನ ವಾಸನೆ, ಬತ್ತಿ ಹೊಗೆಯಾಡುತ್ತಿದೆ, ಕಾಗದ ಇನ್ನೂ ಅರ್ಧ — ಮಾನ್ಯ ಪೆಟಿಫರ್ ಅವರಿಗೆ, ಸಂಗೀತ ಪ್ರಕಾಶಕರು, ಲಂಡನ್ — ಮಾನ್ಯನಂತೆ ಮಾನ್ಯ, ಕಿವಿಯಿಲ್ಲದ ಕಂಬ! ಅಲ್ಲ, ಅವನದೇನು ತಪ್ಪು, ನನ್ನ ಹಸ್ತಪ್ರತಿಯ ಕೊನೆಯ ಸ್ವರದ ಮೇಲೆ ಶಾಯಿ ಚೆಲ್ಲಿತ್ತು, ಯಾವ ಸ್ವರವೆಂದು ವಿನಯದಿಂದಲೇ ಕೇಳಿದ್ದ, ನಾನೇ ಅಡಿಗೆರೆ ಎಳೆದೆಳೆದು ಬರೆದೆ, ಬೇ, ಬೇ ಬಿಟ್ಟು ಬೇರೆ ಮುದ್ರಿಸಕೂಡದು — ವಿಯೆನ್ನಾದಲ್ಲಿ ಬೀದಿ ಪಿಟೀಲಿನವನಿಗೂ ಗೊತ್ತು, ಬೇ ಎಂದರೆ ತಗ್ಗಿದ ಸ್ವರ, ಅದರ ಮೇಲಿನದು ಹಾ. ಆ ಇಂಗ್ಲಿಷ್ ದ್ವೀಪದವರಿಗೆ ಹಾ ಎಂಬುದೇ ಇಲ್ಲ, ನಮ್ಮ ಬೇಯ ಅಕ್ಷರವನ್ನೇ ಬಿ ಎಂದು ಓದುತ್ತಾರೆ, ಮೇಲಿನ ಸ್ವರಕ್ಕೆ ಹಚ್ಚುತ್ತಾರೆ, ನನ್ನ ಅಪ್ಪಣೆಯನ್ನು ತಲೆಯ ಮೇಲೆ ಹೊತ್ತು ಹಾಗೆಯೇ ಅಚ್ಚಿನ ತಗಡಿನಲ್ಲಿ ಕೆತ್ತಿಸಿದ್ದಾನೆ. ಮಾಡಿದ್ದುಣ್ಣೋ ಮಹರಾಯ. ಕರಡಚ್ಚು ಪಿಯಾನೋ ಮೇಲೆ ಬಿದ್ದಿದೆ, ಉದ್ದಕ್ಕೂ ಅತ್ತ ಹಾಡು ಕೊನೆಯಲ್ಲಿ ನಕ್ಕುಬಿಡುತ್ತದೆ, ನಗುವ ಹಾಡೇನು ಅದು, ರೋಸ್ಲ್, ನನ್ನ ಮಗಳು, ದಿಂಬಿನ ಮೇಲೆ ತೆರೆದ ಬಾಯಿ, ಜ್ವರದಲ್ಲೂ ಹಾಡುತ್ತಿದ್ದಳು, ಹಾ ಹಿಡಿಯಲೆಂದೇ ಬಾಯಿ ತೆರೆದಳು, ಉಸಿರು ಸಾಲಲಿಲ್ಲ, ಬಂದದ್ದು ಬೇ, ಆಮೇಲೆ ಏನೂ ಬರಲಿಲ್ಲ — ಆ ಒಂದು ಸ್ವರಕ್ಕಾಗಿ ಇಡೀ ಹಾಡು ಕಟ್ಟಿದೆ, ಅದನ್ನೇ ಏರಿಸಿದರೆ ಉಳಿಯುವುದೇನು, ಲಂಡನ್ನಿನ ಹೆಂಗಸರು ಬಿಸ್ಕತ್ತು ಕಡಿಯುತ್ತ ಹಾಡಲಿಕ್ಕೆ?

ಏನ್ ಸ್ವಾಮಿ, ಕಾಗ್ದ ಕೊಡ್ತೀರೋ ಇಲ್ವೋ, ಕುದ್ರೆ ನಿಲ್ತಿಲ್ಲ! ಕೆಳಗೆ ಟಪಾಲಿನ ಫೆರ್ಡ್ಲ್, ಕೊಟ್ಟೆ ಮಾರಾಯ, ಒಂದೇ ಸಾಲು — ಈ ಬಂಡಿ ತಪ್ಪಿದರೆ ಅಚ್ಚು ಮುಗಿದೇ ಹೋಗುತ್ತದೆ. ಒಂದೇ ಸಾಲು, ಕೈ ಏಕೆ ಓಡುತ್ತಿಲ್ಲ, ಬೆಳಿಗ್ಗೆ ಆ ಕರಡು ನುಡಿಸಬಾರದಿತ್ತು, ಹಲ್ಲು ಕಡಿದು ನುಡಿಸಿದೆ, ತಪ್ಪು ಎಷ್ಟು ಕೆಟ್ಟದೆಂದು ನೋಡಲು, ನನ್ನವಳು ವಾಲ್ಲಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು, ಇನ್ನೊಂದ್ಸಲ ನುಡ್ಸ್ರೀ. ಅದು ತಪ್ಪು ಕಣೆ, ಅಚ್ಚಿನವ್ರ ತಪ್ಪು. ತಪ್ಪೋ ಒಪ್ಪೋ, ಮಗು ಎದ್ದು ಕೂತಂಗಾಯ್ತು. ವಾಲ್ಲಿ, ಅದು ನನ್ನ ಹಾಡಲ್ಲ. ನಿಮ್ಮ ಹಾಡು ನಿಮ್ಗಿರ್ಲಿ, ಎಲ್ಲೋ ಒಂದೂರಲ್ಲಾದ್ರೂ ಅವ್ಳು ಪೂರ್ತಿ ಹಾಡ್ಲಿ ಬಿಡ್ರೀ — ಈಗ ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಾಳೆ, ಲೇಖನಿಯ ಕರಕರವನ್ನು. ನನಗೇನು ಆಸೆಯಿಲ್ಲವೇ, ನನಗೂ ಹಾಗೇ ಕೇಳಿಸಿತ್ತು, ಅದಕ್ಕೇ ಎರಡನೆಯ ಸಲವೂ ನುಡಿಸಿದೆ, ಮೂರನೆಯ ಸಲವೂ. ಸ್ವಾಮೀ! ಬಂದೆ ಕಣೋ — ಮಾನ್ಯರೇ, ಕೊನೆಯ ಸ್ವರವನ್ನು ದಯವಿಟ್ಟು, ತಗ್ಗಿಸಿ ಎಂದು ಬರೆಯಬೇಕು, ಅಷ್ಟೇ, ನನ್ನ ಕೈಯಾರೆ ಅವಳನ್ನು ಇನ್ನೊಮ್ಮೆ ಮಲಗಿಸಬೇಕು, ಫೆರ್ಡ್ಲ್ ಟಪಾಲಿನ ಕಹಳೆ ಊದಿದ, ಬರಿ, ಬರಿಯೋ, ತ — ದಿಂಬು, ತೆರೆದ ಬಾಯಿ, ತಗ್ಗಿ — ತೆರೆದ ಬಾಯಿ