ಮಣಿಕಟ್ಟಿನ ತಾಮ್ರದ ಕಡಗ

ವೈದ್ಯಕೀಯ ಓದದವರು ನರದ ವಿಷಯ ಹೇಳಹೊರಡುವುದು ಅತಿಯಾಯಿತೇನೋ. ಇಲ್ಲಿ ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ತೊಂಬತ್ತೆಂಟರ ಆಷಾಢದ ಹೊತ್ತಿಗೆ ನಾಗಮಂಗಲದ ಅಕ್ಕಸಾಲಿ ಸುರೇಂದ್ರಾಚಾರಿಯ ಬಲಗೈಯ ಮೂರು ಬೆರಳು ಜೋಮು ಹಿಡಿದು, ಚಿಮಟದಿಂದ ಚಿನ್ನದ ಗುಂಡುಗಳು ಜಾರತೊಡಗಿದವು. ಮಗಳು ರಮ್ಯಶ್ರೀಯ ಮದುವೆ ಮಾಘಕ್ಕೆ ಗೊತ್ತಾಗಿತ್ತು. ಅವರ ಮನೆತನದಲ್ಲಿ ಮಗಳ ತಾಳಿಯನ್ನು ತಂದೆಯೇ ಬೆಸೆಯಬೇಕು. ಬೇರೆ ಕೈ ಸೋಕುವಂತಿಲ್ಲ. ತಾಮ್ರ ಒಳ್ಳೆಯದೆಂದು ಯಾರೋ ಅಂದದ್ದೇ ತಡ, ಆಚಾರಿ ಕಡಗವೊಂದನ್ನು ಮಾಡಿ, ಬಿಚ್ಚಿಬರದ ಹಾಗೆ ಮಣಿಕಟ್ಟಿಗೆ ಬಿಗಿಯಾಗಿ ತೊಟ್ಟು, ಅದರ ತುದಿಗಳಿಗೆ ಮೊಳೆ ಜಡಿದುಕೊಂಡ. ಜೋಮು ಹೆಚ್ಚಿತೇ ಹೊರತು ಇಳಿಯಲಿಲ್ಲ.

ಕೊನೆಗೆ ಹೆಂಡತಿ ವರಲಕ್ಷ್ಮಮ್ಮ ಪಾಂಡವಪುರದ ಸ್ಕ್ಯಾನಿಂಗ್ ಡಾಕ್ಟರ ಹತ್ತಿರ ಎಳೆದುತಂದಳು. ಬೆಂಚಿನ ತುಂಬ ಬಸುರಿಯರು. ಸೊಸೆಯ ಜೊತೆ ಬಂದಿದ್ದ ಬೈರಮ್ಮ ಕೇಳಿಯೇಬಿಟ್ಟಳು: "ಆಚಾರ್ರಿಗೆ ಎಷ್ಟ್ ತಿಂಗ್ಳವ್ವಾ?"

"ಮೂರ್ ಬೆಳ್ಳು ತುಂಬ್ಯವೆ ಕಣಕ್ಕಾ," ಅಂದಳು ವರಲಕ್ಷ್ಮಮ್ಮ. ಬೆಂಚೆಲ್ಲ ನಕ್ಕಿತು.

ಡಾಕ್ಟರ್ ರಂಗಸ್ವಾಮಿ ಮುಚ್ಚಿಡಲಿಲ್ಲ. "ಇದು ಹೊಟ್ಟೆ ನೋಡೋ ಮಿಷನ್ನು. ಕೈಯ ನರ ಕಾಣುತ್ತೆ ಅಂತ ಓದಿದೀನಿ, ನೋಡಿಲ್ಲ. ಪ್ರಯತ್ನ ಪಡೋಣ. ಮೊದ್ಲು ಕಡಗ ತೆಗೀರಿ."

"ತಗುದ್ರೆ ಇರೋ ಕಸುವೂ ಓಯ್ತದೆ ಸಾ."

"ಇದ್ಕಂಡು ಏನ್ ಕಿಸೀತು? ಕುಯ್ರೀ ಅತ್ಲಾಗೆ!" ಅಂದಳು ಹೆಂಡತಿ.

ಆಚಾರಿ ಚೀಲದಿಂದ ಅರ ತೆಗೆದು, ಎಡಗೈಯಲ್ಲೇ ಮೊಳೆಯ ತಲೆ ಉಜ್ಜಿದ. ಕಾಲು ಗಂಟೆ ಹಿಡಿಯಿತು.

ಮಣಿಕಟ್ಟಿಗೆ ತಣ್ಣನೆಯ ಅಂಟು ಬಿತ್ತು. ತೆರೆಯ ಮೇಲೆ ಬೂದಿಬಣ್ಣದ ಮಸುಕು. ಡಾಕ್ಟರು ಒಳ್ಳೆಯ ಕೈಯನ್ನೂ ನೋಡಿ, ಮತ್ತೆ ಬಲಗೈಗೆ ಬಂದು ತೆರೆಯ ಮೇಲೆ ಬೆರಳಿಟ್ಟರು. "ಇಲ್ಲಿ ನರ ಊದಿದೆ. ಮಣಿಕಟ್ಟಿನ ಸಂದಿಯೊಳಗೆ ಹೋದ ಮೇಲೆ ಚಪ್ಪಟೆ."

ಆಚಾರಿ ಮುಂದೆ ಬಾಗಿದ. "ತಂತಿ ಎಳ್ಯೋ ಅಚ್ಚಿನಂಗೆ ಅದಲ್ಲಾ ಸಾ! ತೂತು ಸಣ್ಣಗಿದ್ರೆ ತಂತಿ ಇಂದ್ಗಡೇನೇ ದಪ್ಪಕ್ಕೆ ನಿಂತ್ಕತದೆ. ತೂತ ದೊಡ್ದು ಮಾಡಾಕಾಯ್ತದಾ?"

"ಮೈಸೂರಲ್ಲಿ ಮಾಡ್ತಾರೆ. ಸಣ್ಣ ಕೊಯ್ತ."

ಅಷ್ಟು ದಿನ ಡಾಕ್ಟರ ಕತ್ತಿಯೆಂದರೆ ನಡುಗುತ್ತಿದ್ದವನು, ತೂತು ಕಂಡ ಮೇಲೆ ಹೆದರಲಿಲ್ಲ. ಶ್ರಾವಣದಲ್ಲಿ ಆಪರೇಷನ್ ಆಯಿತು. ದೀಪಾವಳಿಗೆ ಎರಡು ಬೆರಳಿಗೆ ಬಿಸಿ ತಿಳಿಯಿತು.

ಮಾಘ ಹತ್ತಿರವಾದಾಗ, ತಾಳಿಯ ಬೆಸುಗೆಗೆಂದು ಚಿನ್ನಕ್ಕೆ ಬೆರೆಸುವ ಚೂರು ತಾಮ್ರವನ್ನು ಆಚಾರಿ ಆ ಕಡಗದಿಂದಲೇ ತೆಗೆದ. ಮೊದಲ ಗುಂಡು ಜಾರಿತು. ಎರಡನೆಯದು ನಿಂತಿತು. ಪಕ್ಕದಲ್ಲಿ ನೋಡುತ್ತ ಕೂತಿದ್ದ ರಮ್ಯಶ್ರೀ ಹಿಡಿದಿದ್ದ ಉಸಿರು ಬಿಟ್ಟಳು.

ಜೋಮು ಹೆಚ್ಚಿಸಿದ್ದು ಆ ಕಡಗವೋ, ಮೂವತ್ತು ವರ್ಷ ಎಳೆದ ತಂತಿಯೋ, ಡಾಕ್ಟರಿಗೂ ಹೇಳಲಾಗಲಿಲ್ಲ. ಮೂರನೆಯ ಬೆರಳಿಗೆ ಸ್ಪರ್ಶ ಮರಳುತ್ತದೆಯೇ ಎಂಬುದೂ ಆಗಿನ್ನೂ ತಿಳಿದಿರಲಿಲ್ಲ.